ಟೈಮ್ ಕೊಟ್ಟರೂ ಬರದ ಗಿರಾಕಿಗಳನ್ನು ನೀವೆಲ್ಲ ಹೇಗೆ ಸಂಭಾಳಿಸುತ್ತೀರಿ?

ಮಂಡಿಪೇಟೆ_ಲೆಕ್ಕ

ದಾವಣಗೆರೆಯಲ್ಲಿ ಸಣ್ಣ ಆಫೀಸ್ ಇಟ್ಟುಕೊಂಡು ಹನ್ನೆರಡು ವರ್ಷದಿಂದ ಐಟಿ ರಿಟರ್ನ್, ಜಿಎಸ್‌ಟಿ ಕೆಲಸ ಮಾಡುತ್ತಿದ್ದೇನೆ. ಊರವರೆಲ್ಲ ಆಡಿಟರ್ ಅಂತಲೇ ಕರೆಯುತ್ತಾರೆ, ಆದರೆ ನಾನು ಸಿಎ ಅಲ್ಲ, ಬರೀ ಬಿಕಾಂ. ನಾನು ಮತ್ತು ಒಬ್ಬ ಹುಡುಗ, ಅಷ್ಟೇ ಆಫೀಸ್.

ಈ ವರ್ಷ (2025) ಸೀಸನ್ ಮುಗಿದು ತಿಂಗಳಾಯಿತು, ಇನ್ನೂ ತಲೆನೋವು ಹೋಗಿಲ್ಲ. ಶನಿವಾರ 10.30ಕ್ಕೆ ಬರುತ್ತೇನೆ ಅಂತ ಫೋನ್ ಮಾಡಿ ಟೈಮ್ ತೆಗೆದುಕೊಳ್ಳುತ್ತಾರೆ. ನಾನು ಆ ಒಂದು ಗಂಟೆ ಬೇರೆ ಯಾರಿಗೂ ಕೊಡದೆ ಕೂರುತ್ತೇನೆ. ಬರುವುದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಸಾಯಂಕಾಲ ಮಾರ್ಕೆಟ್‌ನಲ್ಲಿ ಸಿಕ್ಕರೆ "ಅಯ್ಯೋ ಸಾರ್, ನಿಮ್ಮ ಹತ್ರಾನೇ ಬರೋಣ ಅಂತಿದ್ದೆ" ಅನ್ನುತ್ತಾರೆ. ಜುಲೈನಲ್ಲಿ ಕೇಳಿದರೆ ಆಷಾಢ ಕಳೀಲಿ ಅಂದರು. ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ, ಆಮೇಲೆ ಗಣಪತಿ. ಸೆಪ್ಟೆಂಬರ್‌ನಲ್ಲಿ ಪಿತೃಪಕ್ಷ, "ಪಕ್ಷದಲ್ಲಿ ದುಡ್ಡಿನ ಕೆಲಸ ಬೇಡ ಸಾರ್." ಟ್ಯಾಕ್ಸ್ ಕಟ್ಟೋದು ಶುಭಕಾರ್ಯ ಅಂತ ನನಗೆ ಈ ವರ್ಷವೇ ಗೊತ್ತಾಗಿದ್ದು.

ಅದರಲ್ಲಿ ಒಬ್ಬರ ಕಥೆ ಹೇಳಲೇಬೇಕು, ಯಾಕೆಂದರೆ ಈಗ ಅವರು ನನ್ನಿಂದಲೇ ದುಡ್ಡು ಕೇಳುತ್ತಿದ್ದಾರೆ. ಖಾಸಗಿ ಕಾಲೇಜಿನಲ್ಲಿ ಲೆಕ್ಚರರ್, ವರ್ಷಕ್ಕೆ 9 ಲಕ್ಷ ಸಂಬಳ. ಹೋಮ್ ಲೋನ್ ಬಡ್ಡಿ 2 ಲಕ್ಷ, ಪಿಎಫ್ ಎಲ್‌ಐಸಿ ಎಲ್ಲ ಸೇರಿ 1.5 ಲಕ್ಷ. ಟ್ಯಾಕ್ಸ್ ಲೆಕ್ಕಕ್ಕೆ ಎರಡು ಪದ್ಧತಿ ಇವೆ, ಇಂಥ ಬಡ್ಡಿ, ಉಳಿತಾಯವನ್ನು ಆದಾಯದಿಂದ ಕಳೆಯಲು ಬಿಡುವುದು ಹಳೆಯ ಪದ್ಧತಿ. ಅದರಲ್ಲಿ ಇವುಗಳ ಜೊತೆ ಸಂಬಳದವರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೆ ಸರಿಯಾಗಿ 5 ಲಕ್ಷಕ್ಕೆ ಬಂದು ನಿಲ್ಲುತ್ತದೆ, ರಿಬೇಟ್ (ಟ್ಯಾಕ್ಸ್ ಮಾಫಿ) ಸಿಕ್ಕಿ ಟ್ಯಾಕ್ಸ್ ಸೊನ್ನೆ. ಕಾಲೇಜಿನವರು ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿ 33,800 ಹಿಡಿದಿದ್ದರು. ಅಂದರೆ ರಿಟರ್ನ್ ಹಾಕಿದ್ದರೆ ಅಷ್ಟೂ ವಾಪಸ್. ಮೂರು ಸಲ ಟೈಮ್ ಕೊಟ್ಟೆ, ಮೂರು ಸಲವೂ ಬರಲಿಲ್ಲ. ಡೆಡ್‌ಲೈನ್ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಯಿತು, 15ರ ರಾತ್ರಿ ಇನ್ನೂ ಒಂದು ದಿನ ಕೊಟ್ಟರು. 16ರ ರಾತ್ರಿ 8.40ಕ್ಕೆ ಮಹಾಶಯರು ಬಂದರು, ಕೈಯಲ್ಲಿ ಬೆಣ್ಣೆ ದೋಸೆ ಪಾರ್ಸೆಲ್ ಬೇರೆ, ನನಗೇ ತಂದದ್ದಂತೆ.

ಪೋರ್ಟಲ್ ಪಾಸ್‌ವರ್ಡ್ ನೆನಪಿಲ್ಲ. ಪೋರ್ಟಲ್‌ನಲ್ಲಿದ್ದ ಮೊಬೈಲ್ ನಂಬರ್ ಮೊದಲು ರಿಟರ್ನ್ ಹಾಕಿಕೊಡುತ್ತಿದ್ದವರದು, ಅವರು ಅಂಗಡಿ ಮುಚ್ಚಿ ಊರು ಬಿಟ್ಟಿದ್ದಾರೆ. ಆಧಾರ್ ಒಟಿಪಿ ಒಂದೇ ದಾರಿ. ಆಧಾರ್‌ಗೆ ಲಿಂಕ್ ಇರುವ ಸಿಮ್ ಹಳ್ಳಿಯಲ್ಲಿರುವ ಅಪ್ಪನ ಕೀಪ್ಯಾಡ್ ಫೋನಿನಲ್ಲಿ. ಅಪ್ಪ ಮಲಗಿಬಿಟ್ಟಿದ್ದಾರೆ. ಪಕ್ಕದ ಮನೆಯವರಿಗೆ ಫೋನ್ ಮಾಡಿ, ಅವರು ಹೋಗಿ ಬಾಗಿಲು ಬಡಿದು, ಅಪ್ಪ ಎದ್ದು, ಕನ್ನಡಕ ಹುಡುಕಿ, ನಂಬರ್ ಓದಿದರು. ತಪ್ಪು ಅಂತ ಬಂತು. ಇನ್ನೊಂದು ಸಲ ಓದಿದರು, ಮತ್ತೆ ತಪ್ಪು. ಆಮೇಲೆ ಗೊತ್ತಾಯಿತು, ಅಪ್ಪ ಓದುತ್ತಿದ್ದದ್ದು ರೀಚಾರ್ಜ್ ಮೆಸೇಜಿನಲ್ಲಿದ್ದ ನಂಬರ್. ಆ ಹೊತ್ತಿಗೆ ಪೋರ್ಟಲ್ ಬೇರೆ ಸುತ್ತುತ್ತಾ ಕೂತಿತ್ತು. ಒಳಗೆ ಹೋದಾಗ 12 ದಾಟಿತ್ತು.

ತಡವಾಗಿ ಹಾಕುವ ರಿಟರ್ನ್‌ನಲ್ಲಿ ಹಳೆಯ ಪದ್ಧತಿ ಆರಿಸಿಕೊಳ್ಳಲು ಆಗುವುದಿಲ್ಲ. 33,800 ಹೋಯಿತು, ಮೇಲೆ 5,000 ಲೇಟ್ ಫೀ. ಈಗ ಅವರ ವಾದ ಏನೆಂದರೆ "ನೀವು ಮೊದಲೇ ಗಟ್ಟಿಯಾಗಿ ಹೇಳಿದ್ದರೆ ಬರುತ್ತಿದ್ದೆ." ಅವರ ಹೆಂಡತಿ ನಮ್ಮ ಅತ್ತಿಗೆಯ ಕಡೆಯ ಸಂಬಂಧ, ಹಾಗಾಗಿ ಮನೆಯಲ್ಲೂ ಇದೇ ಮಾತು.

ಬರದಿದ್ದರೆ ಫೀಸ್ ಹಾಕುವುದು, ಮುಂಗಡ ತೆಗೆದುಕೊಳ್ಳುವುದು ಇದೆಲ್ಲ ನಮ್ಮಂಥ ಊರಿನಲ್ಲಿ ನಡೆಯುತ್ತದಾ? ನೀವು ಏನು ಮಾಡುತ್ತೀರಿ?

ಜಯನಗರ_4ನೇ_ಬ್ಲಾಕ್

ಸಾರ್, ದೋಸೆ ತಿಂದಿರಾ ಇಲ್ವಾ ಅದು ಹೇಳಿ ಮೊದಲು.

ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವುದು. ಮೂರು ವರ್ಷದಿಂದ ಟೈಮ್ ಕೊಡುವ ಮೊದಲೇ 500 ರೂಪಾಯಿ ಯುಪಿಐ ಮಾಡಿಸಿಕೊಳ್ಳುತ್ತೇನೆ, ಬಂದರೆ ಫೀಸಿನಲ್ಲಿ ಕಳೆಯುತ್ತೇನೆ, ಬರದಿದ್ದರೆ ನನಗೇ. ಮೊದಲ ವರ್ಷ ಹತ್ತಿಪ್ಪತ್ತು ಜನ ಬೈದುಕೊಂಡು ಬೇರೆ ಕಡೆ ಹೋದರು. ಅವರೆಲ್ಲ ಬರದವರೇ, ಹೋದದ್ದು ಒಳ್ಳೆಯದೇ ಆಯಿತು. 500 ದೊಡ್ಡ ದುಡ್ಡೇನಲ್ಲ, ಆದರೆ ಕೊಟ್ಟ ಮೇಲೆ ಅದು ಅವರ ಅಪಾಯಿಂಟ್‌ಮೆಂಟ್ ಆಗುತ್ತದೆ. ಕೊಡುವವರೆಗೆ ನಿಮ್ಮದು ಮಾತ್ರ.

ಮಂಡಿಪೇಟೆ_ಲೆಕ್ಕ

ದೋಸೆ ತಿನ್ನಲಿಲ್ಲ, ಹುಡುಗ ತಿಂದ. ಅವನಿಗೆ ಆ ರಾತ್ರಿ ಕೊಡಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಮುಂಗಡದ ಮಾತು ಸರಿ, ಆದರೆ ಇಲ್ಲಿ ನಾನು 800ರಿಂದ 1,000 ತೆಗೆದುಕೊಳ್ಳುವುದು, ಅದರಲ್ಲಿ 500 ಮೊದಲೇ ಕೊಡಿ ಅಂದರೆ "ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ಬರುತ್ತದೆ. ಅರ್ಧ ಜನ ಕೆಲಸ ಆದ ಮೇಲೂ ಫೀಸ್ ಕೊಡುವುದು ದೀಪಾವಳಿ ಪೂಜೆಗೆ ಕರೆದಾಗ, ಎಲೆ ಅಡಿಕೆ ಜೊತೆ.

ಕಡಲತಡಿ_ಜಿಎಸ್‌ಟಿ

ನಾನು ಉಡುಪಿ ಕಡೆಯವಳು, ಮನೆಯಿಂದಲೇ ಮಾಡುತ್ತೇನೆ, ಹೆಚ್ಚಿನವರು ಸಣ್ಣ ಅಂಗಡಿ, ಕ್ಯಾಟರಿಂಗ್, ಒಂದೆರಡು ಹೋಮ್‌ಸ್ಟೇ. ನನ್ನ ಅನುಭವ ಏನೆಂದರೆ ಬರದವರನ್ನು ಬರಿಸುವ ದಾರಿ ಹುಡುಕಬೇಡಿ. ಅವರು ಬರುವ ಅಗತ್ಯವಾದರೂ ಏನು ಅಂತ ಯೋಚಿಸಿ ನೋಡಿ.

ನಾನೂ ಮೊದಲು ಟೈಮ್ ಕೊಟ್ಟು ಕಾಯುತ್ತಿದ್ದೆ. ಬಂದವರು ಏನು ಮಾಡುತ್ತಿದ್ದರು? ಒಂದು ಪ್ಲಾಸ್ಟಿಕ್ ಕವರ್ ಮೇಜಿನ ಮೇಲೆ ಸುರಿಯುತ್ತಿದ್ದರು, ಅದರಲ್ಲಿ ಬಿಲ್ಲು, ಬ್ಯಾಂಕ್ ಚೀಟಿ, ಒಂದು ಸಲ ಸತ್ಯನಾರಾಯಣ ಪೂಜೆಯ ರಸೀದಿ. ಅದನ್ನು ಬೇರ್ಪಡಿಸಲು ಮುಕ್ಕಾಲು ಗಂಟೆ, ಮಾತು ಐದು ನಿಮಿಷ. ಈಗ ಟೈಮ್ ಕೊಡುವುದನ್ನೇ ಬಿಟ್ಟಿದ್ದೇನೆ. ಕಾಗದ ವಾಟ್ಸಾಪ್‌ನಲ್ಲಿ ಬರಬೇಕು. ಎಲ್ಲ ಬಂದ ಮೇಲೆ ನಂಬರ್ ಕೊಡುತ್ತೇನೆ, ಡಾಕ್ಟರ್ ಹತ್ತಿರ ಟೋಕನ್ ಇರುತ್ತದಲ್ಲ ಹಾಗೆ. "ನಿಮ್ಮದು 41, ಈಗ 33 ನಡೆಯುತ್ತಿದೆ." ಒಂದು ಕಾಗದ ಕಡಿಮೆಯಿದ್ದರೂ ನಂಬರ್ ಇಲ್ಲ. ನಿಮಗೆ ನಂಬಲು ಕಷ್ಟ ಆಗಬಹುದು, ಜನ ಗಡಿಯಾರಕ್ಕೆ ಹೆದರುವುದಿಲ್ಲ, ಕ್ಯೂಗೆ ಹೆದರುತ್ತಾರೆ. ಪಕ್ಕದ ಅಂಗಡಿಯವನ ನಂಬರ್ 12 ಅಂತ ಗೊತ್ತಾದರೆ ಅದೇ ದಿನ ರಾತ್ರಿ ಎಲ್ಲ ಕಳಿಸುತ್ತಾರೆ.

ಕಾಗದ ಎಲ್ಲ ನೋಡಿದ ಮೇಲೆ ಕೇಳಲು ಏನಾದರೂ ಇದ್ದರೆ ನಾನೇ ಫೋನ್ ಮಾಡುತ್ತೇನೆ. ನೂರಕ್ಕೆ ಎಂಬತ್ತು ಜನರ ಮುಖ ನಾನು ಈ ವರ್ಷ ನೋಡಿಲ್ಲ.

ಒಂದು ವಿಷಯ ಮಾತ್ರ ನನ್ನಂತೆ ಮಾಡಬೇಡಿ. ಮೊದಲೆಲ್ಲ 20ನೇ ತಾರೀಕಿಗೂ ಬರದವರದು ಜಿಎಸ್‌ಟಿಆರ್-3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಸುಮ್ನೆ ನಿಲ್, ಅಂದರೆ ವ್ಯಾಪಾರ ಸೊನ್ನೆ, ಅಂತ ಹಾಕಿಬಿಡುತ್ತಿದ್ದೆ, ಪಾಪ ದಿನಕ್ಕೆ 50 ರೂಪಾಯಿ ಲೇಟ್ ಫೀ ಬೀಳುತ್ತದಲ್ಲ ಅಂತ. ಒಬ್ಬರಿಗೆ ಆ ತಿಂಗಳು ದೊಡ್ಡ ಮದುವೆ ಆರ್ಡರ್ ಇತ್ತಂತೆ. 3ಬಿ ಒಮ್ಮೆ ಹಾಕಿದರೆ ರಿವೈಸ್ ಇಲ್ಲ. ಮುಂದಿನ ತಿಂಗಳು ಬಡ್ಡಿ ಸೇರಿಸಿ ಸರಿಮಾಡಿದ್ದಾಯಿತು, ಆದರೆ ಅವರು ಊರಿಡೀ ಹೇಳಿದ್ದು "ಆ ಅಮ್ಮ ಕೇಳದೇ ನಿಲ್ ಹಾಕಿದರು" ಅಂತ. ಹೌದಲ್ಲ, ಕೇಳದೇ ಹಾಕಿದ್ದೆ.

ಸೀಲು_ಸಹಿ

ಸಿಎ ಇಲ್ಲಿ, ಹುಬ್ಬಳ್ಳಿ. ಸದ್ಯಕ್ಕೆ ಟ್ಯಾಕ್ಸ್ ಆಡಿಟ್ ಗಡಿಬಿಡಿಯಲ್ಲಿದ್ದೇನೆ, ಅದೂ ಸೆಪ್ಟೆಂಬರ್ 30ರಿಂದ ಅಕ್ಟೋಬರ್ 31ಕ್ಕೆ ಹೋಗಿದೆ, ಆದರೂ ಇವತ್ತು ಇಬ್ಬರು ಬರಲಿಲ್ಲ, ಅದಕ್ಕೇ ಇದನ್ನು ಬರೆಯಲು ಟೈಮ್ ಸಿಕ್ಕಿದೆ.

ಮೊದಲು ಒಂದು ಅನುಮಾನ. ಒಟಿಪಿಗೆ ಅಷ್ಟು ಒದ್ದಾಡಿದ್ದು ಲಾಗಿನ್‌ಗೆ ತಾನೇ? ವೆರಿಫಿಕೇಶನ್‌ಗೆ (ಹಾಕಿದ ರಿಟರ್ನ್ ಅವರದೇ ಅಂತ ಖಚಿತಪಡಿಸಲು) ಆಗಿದ್ದರೆ ಸುಮ್ಮನೆ ರಿಟರ್ನ್ ಅಪ್‌ಲೋಡ್ ಮಾಡಿ ಬಿಡಬೇಕಿತ್ತು, ಇ-ವೆರಿಫೈ ಮಾಡಲು 30 ದಿನ ಇರುತ್ತದೆ, ಅಷ್ಟರೊಳಗೆ ಮಾಡಿದರೆ ಅಪ್‌ಲೋಡ್ ಮಾಡಿದ ತಾರೀಕೇ ಹಿಡಿಯುತ್ತಾರೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಕೊನೆಯ ಅರ್ಧ ಗಂಟೆ ಒಟಿಪಿ ಹಿಂದೆ ಓಡುತ್ತಾರೆ. ಲಾಗಿನ್ ಆದರೂ ನೆಟ್ ಬ್ಯಾಂಕಿಂಗ್ ಮೂಲಕ ಹೋಗಬಹುದಿತ್ತಲ್ಲ?

ದುಡ್ಡು ಕೇಳುತ್ತಿರುವುದರ ಬಗ್ಗೆ: ಮೂರು ಸಲ ಟೈಮ್ ಕೊಟ್ಟದ್ದು ಬಾಯಿಮಾತಾ, ಮೆಸೇಜಾ? ಮೆಸೇಜ್ ಇದ್ದರೆ ಅದನ್ನು ಅವರಿಗೇ ಒಮ್ಮೆ ಫಾರ್ವರ್ಡ್ ಮಾಡಿ, ಬೇರೇನೂ ಬರೆಯಬೇಡಿ. ಇಲ್ಲದಿದ್ದರೆ ಇನ್ನು ಮುಂದಾದರೂ ಬರೆದು ಕಳಿಸುವ ಅಭ್ಯಾಸ ಮಾಡಿಕೊಳ್ಳಿ. "ಬೇಗ ಬನ್ನಿ ಸಾರ್" ಅಂತ ಬರೆದರೆ ಅದಕ್ಕೆ ಬೆಲೆ ಇಲ್ಲ. ಆ ತಾರೀಕು ದಾಟಿದರೆ ಅವರಿಗೆ ಏನು ಹೋಗುತ್ತದೆ ಅನ್ನುವುದನ್ನು ಅವರದೇ ಅಂಕಿಯಲ್ಲಿ ಬರೆಯಬೇಕು. ನಿಮ್ಮ ಲೆಕ್ಚರರ್‌ಗೆ ಜೂನ್‌ನಲ್ಲೇ, ಫಾರ್ಮ್ 16 (ಸಂಬಳ, ಹಿಡಿದ ಟ್ಯಾಕ್ಸ್ ತೋರಿಸಿ ಕಾಲೇಜು ಕೊಡುವ ಕಾಗದ) ಬಂದ ಕೂಡಲೇ, "ನಿಮಗೆ 33,800 ವಾಪಸ್ ಬರಬೇಕು, ಡೆಡ್‌ಲೈನ್ ದಾಟಿದರೆ ಒಂದು ರೂಪಾಯಿಯೂ ಬರುವುದಿಲ್ಲ" ಅಂತ ಎರಡು ಸಾಲು ಹೋಗಿದ್ದರೆ ಅವರು ಆಷಾಢದಲ್ಲೂ ಬರುತ್ತಿದ್ದರು ರೀ. ಡೆಡ್‌ಲೈನ್ ಅಂದರೆ ಜನರಿಗೆ 5,000 ದಂಡ ಅಷ್ಟೇ ಅಂತ ಗೊತ್ತು. ಪದ್ಧತಿ ಬದಲಾಗುತ್ತದೆ, ನಷ್ಟ ಮುಂದೆ ಒಯ್ದು ಮುಂದಿನ ವರ್ಷಗಳ ಲಾಭದಲ್ಲಿ ಕಳೆಯಲು ಆಗುವುದಿಲ್ಲ, ಇದೆಲ್ಲ ಯಾರೂ ಹೇಳಿರುವುದಿಲ್ಲ.

ಇಲ್ಲಿ ತಪ್ಪು ಸರ್ಕಾರದ್ದೂ ಇದೆ. ಕೊರೊನಾ ಸಮಯದಲ್ಲಿ ಎರಡು ವರ್ಷ ಡಿಸೆಂಬರ್‌ವರೆಗೆ, ಅದರಲ್ಲಿ ಒಂದು ಸಲ ಮತ್ತೆ ಜನವರಿ 10ರವರೆಗೆ ತಳ್ಳಿದರು. 2022, 2023, 2024 ಮೂರು ವರ್ಷ ಜುಲೈ 31ಕ್ಕೇ ಗಟ್ಟಿಯಾಗಿ ನಿಂತರು, ಜನ ಸ್ವಲ್ಪ ದಾರಿಗೆ ಬಂದಿದ್ದರು. ಈ ವರ್ಷ ಮತ್ತೆ ತಳ್ಳಿದರು. ಫಾರ್ಮ್‌ಗಳೇ ತಡವಾಗಿ ಬಂದವು, ಆದ್ದರಿಂದ ತಳ್ಳಲೇಬೇಕಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಗಿರಾಕಿಗೆ ತಿಳಿದದ್ದು ಒಂದೇ, "ಮುಂದೆ ಹೋಗತ್ತೆ ಬಿಡಿ."

ಮಂಡಿಪೇಟೆ_ಲೆಕ್ಕ

ಲಾಗಿನ್‌ಗೇ ಸಾರ್. ನೆಟ್ ಬ್ಯಾಂಕಿಂಗ್ ಅವರು ಯಾವತ್ತೂ ಮಾಡಿಸಿಲ್ಲ, ಫೋನ್‌ಪೇ ಇದೆಯಲ್ಲ ಸಾಕು ಅಂದರು. ಟೈಮ್ ಕೊಟ್ಟದ್ದು ಎರಡು ಸಲ ಫೋನಿನಲ್ಲಿ, ಒಂದು ಸಲ ಮದುವೆ ಮನೆಯ ಊಟದ ಪಂಕ್ತಿಯಲ್ಲಿ. ಮೆಸೇಜ್ ಇಲ್ಲ. 33,800 ಅನ್ನುವ ಅಂಕಿ ನನಗೂ ಆ ರಾತ್ರಿಯೇ ಗೊತ್ತಾದದ್ದು, ಫಾರ್ಮ್ 16 ಅವರು ತಂದದ್ದೇ ಆವತ್ತು. ಆದರೆ ಕೇಳಿ ತರಿಸಿಕೊಳ್ಳಬಹುದಿತ್ತು, ನಿಜ.

ತಡವಾದದ್ದನ್ನು ಮನ್ನಿಸಿ ಅಂತ ಇಲಾಖೆಗೆ ಅರ್ಜಿ ಹಾಕಬಹುದು ಅಂತ ಯಾರೋ ಹೇಳಿದರು, ಆದಾಯ ತೆರಿಗೆ ಕಾಯ್ದೆಯ 119(2)(ಬಿ) ಅಡಿಯಲ್ಲಿ. ಪ್ರಯೋಜನ ಇದೆಯಾ?

ಸೀಲು_ಸಹಿ

ಹಾಕಬಹುದು, ನಿಮ್ಮ ಮೊತ್ತಕ್ಕೆ ಪ್ರಿನ್ಸಿಪಲ್ ಕಮಿಷನರ್ ಮಟ್ಟದಲ್ಲೇ ತೀರ್ಮಾನ ಆಗುತ್ತದೆ. ಆದರೆ ನಿಜವಾದ ಕಷ್ಟ ಇತ್ತು ಅಂತ ತೋರಿಸಬೇಕು. ಆಸ್ಪತ್ರೆಯಲ್ಲಿದ್ದೆ ಅಂದರೆ ಕೇಳುತ್ತಾರೆ. ಅಪ್ಪ ಮಲಗಿದ್ದರು ಅಂದರೆ ಏನನ್ನುತ್ತಾರೋ ನೀವೇ ಊಹಿಸಿ.

ಬಾಗಿಲ_ಹೊರಗೆ

ಇಲ್ಲಿ ಎಲ್ಲ ನಿಮ್ಮ ಕಡೆಯವರೇ ಬರೆಯುತ್ತಿದ್ದೀರಿ. ನಾನು ಆ ಬರದೇ ಹೋಗುವ ಗಿರಾಕಿ.

2023ರಲ್ಲಿ ನಾನು ನಮ್ಮ ಆಡಿಟರ್ ಹತ್ತಿರ ಎರಡು ಸಲ ಟೈಮ್ ತೆಗೆದುಕೊಂಡು ಹೋಗಲಿಲ್ಲ. ಮರೆತಿದ್ದೆ ಅಂತ ಹೇಳಿದೆ. ಮರೆತಿರಲಿಲ್ಲ. ಒಂದು ಸಲ ಅವರ ಆಫೀಸಿನ ಕೆಳಗಿನ ಜೆರಾಕ್ಸ್ ಅಂಗಡಿಯವರೆಗೂ ಹೋಗಿ, ಮೆಟ್ಟಿಲ ಹತ್ತಿರ ನಿಂತು, ವಾಪಸ್ ಬಂದಿದ್ದೆ. ಆ ವರ್ಷ ಎಫ್ ಆಂಡ್ ಒನಲ್ಲಿ (ಶೇರು ಮಾರ್ಕೆಟ್‌ನ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು) 1 ಲಕ್ಷ 80 ಸಾವಿರ ಕಳೆದುಕೊಂಡಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಡಿಟರ್ ನಮ್ಮ ತಂದೆಯ ಸ್ನೇಹಿತರು. ಅವರ ಆಫೀಸ್ ಅಂದರೆ ಒಂದೇ ಹಾಲ್, ಅವರ ಮೇಜಿನ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಲ್ಕು ಜನ ಕಾಯುತ್ತಾ ಕೂತಿರುತ್ತಾರೆ, ಇವರು ಕಿವಿ ಸ್ವಲ್ಪ ಮಂದ ಆದ್ದರಿಂದ ಜೋರಾಗಿ ಕೇಳುತ್ತಾರೆ, "ಶೇರು ಗೀರು ಏನಾದ್ರೂ ಇದೆಯೇನಪ್ಪಾ?" ಅಂತ. ಆ ಪ್ರಶ್ನೆಗೆ ನಾಲ್ಕು ಜನರ ಎದುರು ಏನು ಹೇಳಲಿ?

ಕೊನೆಗೆ ಡಿಸೆಂಬರ್‌ನಲ್ಲಿ ಬೇರೆ ಊರಿನ ಒಬ್ಬರ ಹತ್ತಿರ ಹಾಕಿಸಿದೆ. ಆಗ ಗೊತ್ತಾಯಿತು, ಟೈಮಿಗೆ ಹಾಕಿದ್ದರೆ ಆ ನಷ್ಟವನ್ನು ಎಂಟು ವರ್ಷ ಮುಂದೆ ಒಯ್ಯಬಹುದಿತ್ತು ಅಂತ. ತಡ ಆದ ಕಾರಣ ಅದೂ ಹೋಯಿತು. ನಾಚಿಕೆಯಿಂದ ಮುಚ್ಚಿಟ್ಟದ್ದಕ್ಕೆ ಎರಡನೇ ಸಲ ಕಳೆದುಕೊಂಡೆ.

ಎಲ್ಲರೂ ನನ್ನಂತೆ ಅಂತ ಹೇಳುತ್ತಿಲ್ಲ, ಸೋಮಾರಿಗಳು ಇದ್ದೇ ಇರುತ್ತಾರೆ. ಆದರೆ ಟೈಮ್ ತೆಗೆದುಕೊಂಡು ಬರದವನು, ಫೋನ್ ಎತ್ತದವನು, ಸಿಕ್ಕಿದಾಗ ಜಾಸ್ತಿ ನಗುವವನು, ಇವನ ಹತ್ತಿರ ಏನೋ ಇದೆ ಅಂತ ಒಮ್ಮೆ ಅನುಮಾನ ಪಡಿ.

ಕಡಲತಡಿ_ಜಿಎಸ್‌ಟಿ

ಇದು ನಿಜ. ಈ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆಲ್ಲ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂತಲ್ಲ, ಆಗ ನನ್ನ ಹತ್ತಿರ ಮೊದಲು ಓಡಿಬಂದವರಿಗೆಲ್ಲ ಬಂದ ನೋಟಿಸ್ ಸುಲಭದ್ದು. ಒಬ್ಬರದು ಹಾಲು ತರಕಾರಿ, ಅದಕ್ಕೆ ತೆರಿಗೆಯೇ ಇಲ್ಲ, ಲೆಕ್ಕ ತೋರಿಸಿದರೆ ಆಯಿತು. ನಿಜವಾಗಿ ವ್ಯಾಪಾರ ಜಿಎಸ್‌ಟಿ ಮಿತಿಯಾದ 40 ಲಕ್ಷ ದಾಟಿದವರು ಇದ್ದರಲ್ಲ, ಅವರೇ ಮೂರು ವಾರ ತಲೆಮರೆಸಿಕೊಂಡಿದ್ದರು. ಕ್ಯೂಆರ್ ಕೋಡ್ ಕಿತ್ತುಹಾಕಿ ಕ್ಯಾಶ್ ಕೊಡಿ ಅಂತ ಬೋರ್ಡ್ ಹಾಕಿದರೆ ಹಳೆಯ ವರ್ಷದ ಲೆಕ್ಕ ಅಳಿಸಿಹೋಗುತ್ತದೆ ಅಂತ ಅಂದುಕೊಂಡಿದ್ದರು.

ಮಂಡಿಪೇಟೆ ಸಾರ್, ನಿಮ್ಮ ಆಫೀಸಿನಲ್ಲಿ ಬೇರೆ ಕೋಣೆ ಇದೆಯಾ?

ಮಂಡಿಪೇಟೆ_ಲೆಕ್ಕ

ಇಲ್ಲ. ಒಂದೇ ಹಾಲ್. ಪ್ಲಾಸ್ಟಿಕ್ ಕುರ್ಚಿ ನಾಲ್ಕಲ್ಲ, ಆರು. ನಾನೂ ಜೋರಾಗಿಯೇ ಮಾತಾಡುವುದು, ಕೆಳಗೆ ಮಂಡಿ ಲಾರಿಗಳ ಸದ್ದು. ಬಾಗಿಲ ಹೊರಗೆ ಅವರು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಜಯನಗರ_4ನೇ_ಬ್ಲಾಕ್

ಎಲ್ಲ ಸರಿ, ಆದರೆ ಅತಿಯಾಗಿ ಕರಗಬೇಡಿ. ಹತ್ತರಲ್ಲಿ ಏಳು ಜನ ಸುಮ್ನೆ ಸೋಮಾರಿಗಳು. ನಾಚಿಕೆಯವರಿಗೆ ಕಾಗದ ಕಳಿಸುವ ದಾರಿ ಕೊಡಿ, ಸೋಮಾರಿಗಳಿಗೆ ಫೀಸ್ ಹಾಕಿ. ಬಾಯಲ್ಲಿ ಫೀಸ್ ಅನ್ನಲು ಮುಜುಗರ ಆದರೆ ಹೀಗೆ ಮಾಡಿ: ಡೆಡ್‌ಲೈನ್‌ಗೆ ಹದಿನೈದು ದಿನ ಇರುವವರೆಗೆ 800, ಆಮೇಲೆ 1,500, ಕೊನೆಯ ಮೂರು ದಿನ 2,500. ಬೋರ್ಡ್ ಬರೆದು ಗೋಡೆಗೆ ಹಾಕಿ. ಯಾರಿಗೂ ನೀವು ಬರಲಿಲ್ಲ ಅಂತ ದಂಡ ಹಾಕಿದ ಹಾಗಾಗುವುದಿಲ್ಲ, ಬಸ್ಸಿನವರು ಹಬ್ಬದ ಸಮಯದಲ್ಲಿ ಟಿಕೆಟ್ ರೇಟ್ ಏರಿಸುತ್ತಾರಲ್ಲ, ಹಾಗೆ.

ಮಂಡಿಪೇಟೆ_ಲೆಕ್ಕ

ಬೋರ್ಡ್ ಐಡಿಯಾ ಹಿಡಿಸಿತು. ಸಂಬಂಧಿಕರೂ ಬೋರ್ಡ್‌ಗೆ ಬೈಯಬಹುದು, ನನಗಲ್ಲ.

ಒಂದು ಸುದ್ದಿ. ಲೆಕ್ಚರರ್ ನಿನ್ನೆ ಬಂದಿದ್ದರು, ಟೈಮ್ ತೆಗೆದುಕೊಳ್ಳದೆ. ಸಿಎ ಸಾರ್ ಹೇಳಿದ ಹಾಗೆ ನಾನು ವಾದ ಮಾಡಲಿಲ್ಲ, ಲೆಕ್ಕದ ಹಾಳೆ ಮುಂದಿಟ್ಟು ಹಳೆಯದು ಎಷ್ಟು, ಹೊಸದು ಎಷ್ಟು ಅಂತ ತೋರಿಸಿದೆ. ಫಾರ್ಮ್ 16 ಮೊದಲೇ ಕೇಳಿ ತರಿಸಿಕೊಳ್ಳದೆ ಇದ್ದದ್ದು ನನ್ನ ತಪ್ಪು ಅಂತಲೂ ಹೇಳಿದೆ. ಅವರು ತುಂಬಾ ಹೊತ್ತು ಹಾಳೆ ನೋಡಿದರು. ಆಮೇಲೆ ಜೇಬಿನಿಂದ ಒಂದು ರಸೀದಿ ತೆಗೆದು ತೋರಿಸಿದರು, ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಾಯಿಸಿದ್ದು, 75 ರೂಪಾಯಿ. ಇದಕ್ಕೂ ನಾನೇ ಹೇಳಿರಲಿಲ್ಲ, ಅವರಾಗಿಯೇ ಹೋಗಿ ಕ್ಯೂ ನಿಂತು ಮಾಡಿಸಿದ್ದಾರೆ. ತಡದ ರಿಟರ್ನ್ ಅಲ್ಲೇ ಕೂತು ಹಾಕಿದೆವು, 5,000 ಕಟ್ಟಿದರು. ಒಟಿಪಿ ಅವರ ಕೈಯಲ್ಲಿದ್ದ ಫೋನಿಗೇ ಬಂತು, ಇಬ್ಬರೂ ನಕ್ಕೆವು. ನನ್ನ ಫೀಸ್ ನಾನು ಕೇಳಲಿಲ್ಲ, ಅವರು ಕೊಡಲೂ ಇಲ್ಲ.

ಹೋಗುವಾಗ ಕೇಳಿದರು, "ಮುಂದಿನ ವರ್ಷ ಏಪ್ರಿಲ್‌ನಲ್ಲೇ ಬರ್ತೀನಿ, ಹಳೆ ಪದ್ಧತಿ ಅಂತ ಕಾಲೇಜಿಗೆ ಬರೆದು ಕೊಡಬೇಕಾ?" ಅಂತ.

ಸೀಲು_ಸಹಿ

ಏನು ಹೇಳಿದಿರಿ? ಈ ಆರ್ಥಿಕ ವರ್ಷದಿಂದ (2025-26) ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇದೆಯಲ್ಲ, 9 ಲಕ್ಷ ಸಂಬಳಕ್ಕೆ ಟ್ಯಾಕ್ಸೇ ಇಲ್ಲ. ಕಾಲೇಜಿನವರು ಹಿಡಿಯುವುದೂ ಇಲ್ಲ, ರಿಫಂಡ್ ಅಂತ ಬರುವುದೂ ಇಲ್ಲ.

ಮಂಡಿಪೇಟೆ_ಲೆಕ್ಕ

ಅದನ್ನೇ ಹೇಳಿದೆ. ಟ್ಯಾಕ್ಸ್ ಸೊನ್ನೆ, ಆದರೂ ರಿಟರ್ನ್ ಹಾಕಲೇಬೇಕು, ತಡ ಆದರೆ 5,000 ಹಾಗೇ ಇದೆ ಅಂತ. ಮೊದಲಿನ ಎರಡು ಪದ ಕೇಳಿಸಿಕೊಂಡು ಖುಷಿಯಾಗಿ ಮೆಟ್ಟಿಲು ಇಳಿದರು. ಮಿಕ್ಕಿದ್ದನ್ನು ಆಮೇಲೆ ವಾಟ್ಸಾಪ್‌ನಲ್ಲಿ ಬರೆದು ಹಾಕಿದ್ದೇನೆ, ತಾರೀಕು, ಮೊತ್ತ ಎಲ್ಲ ಸೇರಿಸಿ. ಎರಡು ನೀಲಿ ಟಿಕ್ ಬಂದಿದೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.